ಅರ್ಧ ಎಳೆದ ಕುದುರೆ

ಸಮರ್‌ಸೆಟ್, ನ್ಯೂ ಜೆರ್ಸಿ
ಆಗಸ್ಟ್ 9, 1976

ಅಪ್ಪಾ,

ನಿಮ್ಮ ಕಾಲು ಮುಟ್ಟಿ ನಮಸ್ಕಾರ ಎಂದು ಬರೆದಿದ್ದೆ, ಹೊಡೆದು ಹಾಕಿದೆ. ಇಷ್ಟು ದೂರದಿಂದ ಮುಟ್ಟಲಾಗುವುದಿಲ್ಲ. ಮುಟ್ಟುವ ಮನಸ್ಸೂ ಈಗ ಪೂರ್ತಿ ಇಲ್ಲ. ಸಿಟ್ಟಾಗಬೇಡಿ.

ನಿಮ್ಮ ಪತ್ರ ಶುಕ್ರವಾರ ಬಂತು. ನಮ್ಮ ಮಾವನವರು ಅಂಗಡಿಗೇ ಬಂದು, ಗಿರಾಕಿಗಳ ಎದುರು, ನಿನ್ನ ಮಗಳು ಕದ್ದು ಬಂದೂಕು ಬಿಚ್ಚಿ ನಮ್ಮ ಹುಡುಗನ ಕೈ ಕಳೆದಳು ಎಂದು ಕೂಗಾಡಿದರೆಂದು ಬರೆದಿದ್ದೀರಿ. ಅದಾದ ಮೇಲೆ ಇಬ್ಬರು ರೈತರು ರಿಪೇರಿಗೆ ಕೊಟ್ಟ ಬಂದೂಕನ್ನು ಹಾಗೆಯೇ ವಾಪಸು ಒಯ್ದರೆಂದೂ ಬರೆದಿದ್ದೀರಿ. ಕೊನೆಗೆ, ಮುಟ್ಟಿದ್ದೆಯೋ ಇಲ್ಲವೋ, ಒಂದೇ ಮಾತು ಬರಿ ಎಂದಿದ್ದೀರಿ. ನಾಲ್ಕು ವರ್ಷದಲ್ಲಿ ನೀವು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಉಂಡೆಯಾ, ಚಳಿ ತಡೆಯುತ್ತದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮುಟ್ಟಿದ್ದೆ. ಆದರೆ ಒಂದೇ ಮಾತಿನಲ್ಲಿ ಬರೆಯಲು ಬರುವುದಿಲ್ಲ. ನಿಮ್ಮ ಅಂಗಡಿಯ ಹೆಸರಿನ ಪ್ರಶ್ನೆಯಾದ್ದರಿಂದ ಪೂರ್ತಿ ಬರೆಯುತ್ತೇನೆ. ಓದಿ.

ಈ ವರ್ಷ ಈ ದೇಶ ಹುಟ್ಟಿ ಇನ್ನೂರು ವರ್ಷವಾಯಿತಂತೆ. ಜುಲೈ ನಾಲ್ಕಕ್ಕೆ ಊರೂರಲ್ಲಿ ಮೆರವಣಿಗೆ. ಇವರ ಆಫೀಸಿನ ಆರೇಳು ಜನ ಸೇರಿ ಹಳೇ ಕಾಲದ ಸಿಪಾಯಿಗಳ ವೇಷ ಹಾಕುವುದು, ಒಬ್ಬೊಬ್ಬರೂ ಮನೆಯಲ್ಲೇ ಒಂದೊಂದು ರೈಫಲ್ಲು ಜೋಡಿಸಿಕೊಂಡು ಹೊರುವುದು ಎಂದು ಮಾತಾಯಿತು. ಬಿಡಿ ಭಾಗಗಳು ಪೆಟ್ಟಿಗೆಯಲ್ಲಿ ಟಪಾಲಿನಲ್ಲೇ ಬರುತ್ತವೆ. ಆ ಗುಂಪಿನಲ್ಲಿ ಇಂಡಿಯಾದವರು ಇವರೊಬ್ಬರೇ. ಕರೆದರಲ್ಲ ಎಂಬ ಸಂತೋಷಕ್ಕೆ ಇವರಿಗೆ ಎರಡು ದಿನ ನಿದ್ದೆ ಬರಲಿಲ್ಲ.

ಪೆಟ್ಟಿಗೆ ಬಂದ ದಿನ ನಾನೂ ನೋಡಿದೆ. ನಳಿಗೆ, ಕೇಪಿನ ಮೇಲೆ ಬಡಿಯುವ ಕುದುರೆ, ಅದನ್ನು ಆಡಿಸುವ ಕೀಲು, ಹಿತ್ತಾಳೆಯ ಪಟ್ಟಿಗಳು, ಅರ್ಧ ಕೆತ್ತಿದ ಮರದ ಹಿಡಿ. ನಳಿಗೆಯೊಳಗೆ ತಿರುಚಿದ ಗೆರೆಗಳಿದ್ದವು ಎಂಬುದೊಂದು ಬಿಟ್ಟರೆ, ಹಂದಿ ಕಾಯುವ ರೈತರು ನಮ್ಮ ಅಂಗಡಿಗೆ ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದ ಅದೇ ಕೇಪಿನ ಬಂದೂಕು. ನನಗೆ ಅಳು ಬಂತು. ಇಲ್ಲಿಗೆ ಬಂದ ಮೇಲೆ ನನಗೆ ಗುರುತು ಸಿಕ್ಕ ಮೊದಲ ಸಾಮಾನು ಅದು.

ಹತಾರ ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿ ಎಂದರೆ ನಮ್ಮ ಸಂತೆಯಷ್ಟು ದೊಡ್ಡದು. ಇವರು ನೇರವಾಗಿ ಹೊಳೆಯುವ ಪೆಟ್ಟಿಗೆಗಳ ಕಡೆ ನಡೆದರು. ಮೂವತ್ತು ತಿರುಪುಳಿಗಳ ಒಂದು ಸೆಟ್ಟು, ಕಬ್ಬಿಣ ಉಜ್ಜುವ ಅರಗಳ ಇನ್ನೊಂದು ಸೆಟ್ಟು, ಕರೆಂಟಿನ ಡ್ರಿಲ್ಲು, ಕರೆಂಟಿನಲ್ಲೇ ಮರ ಉಜ್ಜುವ ಯಂತ್ರ. ನೀವು ಹೇಳುತ್ತಿದ್ದದ್ದು ನನ್ನ ಬಾಯಿಗೆ ಬಂದುಬಿಟ್ಟಿತು: ಹತಾರ ಕೊಳ್ಳುವವನು ಅಂಗಡಿ ನೋಡಬಾರದು, ತಿರುಪಿನ ತಲೆ ನೋಡಬೇಕು. ಬಂದೂಕಿನ ತಿರುಪಿನ ಸೀಳು ಸಣ್ಣದು, ನೆಟ್ಟಗಿರುತ್ತದೆ, ಈ ತಿರುಪುಳಿಗಳ ಮೂತಿ ಮರ ಸೀಳುವ ಆಪಿನ ಹಾಗಿದೆ, ಜಾರಿ ತಲೆಯನ್ನೇ ತಿಂದುಹಾಕುತ್ತದೆ ಎಂದೆ. ಮೆಲ್ಲಗೇ ಹೇಳಿದ್ದೆ. ಇವರು ಆಚೆ ಈಚೆ ನೋಡಿದರು. ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ.

"ಸುಮ್ಮ ನಿಂದ್ರು. ಇಲ್ಲಿ ಯಾರೂ ನಿಮ್ಮಪ್ಪನ ಅಂಗಡಿ ಕೇಳಿಲ್ಲ" ಅಂದರು.

ನಾನು ಕೂತು ಕೆಲಸ ಮಾಡಿದ್ದನ್ನು ನೀವೇ ಮುಚ್ಚಿಟ್ಟ ಅಂಗಡಿ ಅಪ್ಪಾ ಅದು. ಅವ್ವ ಹೋದ ಮೇಲೆ, ನಿಮ್ಮ ಕಣ್ಣು ಮಂಜಾದ ಮೇಲೆ, ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿ ನನ್ನನ್ನು ಅರದ ಮುಂದೆ ಕೂರಿಸಿದವರು ನೀವು. ಹನ್ನೊಂದು ವರ್ಷ ಕೂತೆ. ಮೌನೇಶ ಎಂಬ ಇಂಜಿನಿಯರ್ ವರ ಸಿಕ್ಕ ದಿನ, ನಮ್ಮ ಹುಡುಗಿ ಅಡುಗೆಮನೆ ಬಿಟ್ಟು ಹೊರಗೆ ಬಂದವಳಲ್ಲ ಎಂದವರೂ ನೀವೇ. ಅವರೂ ಬಡಿಗರೇ, ಇವರ ಅಜ್ಜ ಚಕ್ಕಡಿಯ ಗಾಲಿ ಮಾಡುತ್ತಿದ್ದವರು. ಆದರೂ ಆ ಮಾತಿಗೆ ಎಲ್ಲರೂ ತಲೆದೂಗಿದರು. ಇಲ್ಲಿ ಇವರು ಬಡಿಗೇರ ಎಂಬ ಅಡ್ಡಹೆಸರು ಬಿಟ್ಟು ಮೋಹನ್ ಆಗಿದ್ದಾರೆ. ಮೈಸೂರು ಕಡೆಯವರ ಎದುರು ಅವರ ಹಾಗೆಯೇ ಮಾತಾಡುತ್ತಾರೆ. ನನ್ನನ್ನು ಮಾತಾಡಲು ಬಿಡುವುದಿಲ್ಲ, ಬಿಟ್ಟರೆ ಧಾರವಾಡ ಹೊರಗೆ ಬರುತ್ತದೆ.

ಆಗಬೇಕಾದದ್ದೇ ಆಯಿತು. ಮೊದಲ ವಾರದಲ್ಲೇ ಎರಡು ತಿರುಪಿನ ತಲೆ ಹರಿಯಿತು. ಯಂತ್ರದಿಂದ ಉಜ್ಜಿ ಉಜ್ಜಿ ಹಿಡಿಯ ಒಂದು ಮೂಲೆಯೇ ದುಂಡಗಾಯಿತು. ಕುದುರೆಯ ಕೀಲು ಮರದೊಳಗೆ ಕೂರದೆ ಹೊಯ್ದಾಡುತ್ತಿತ್ತು. ಸುತ್ತಿಗೆಯಿಂದ ಬಡಿಯಲು ಹೊರಟಾಗ ನಾನು ಊಟಕ್ಕೆ ಕರೆದೆ. ಇಲ್ಲದಿದ್ದರೆ ಆವತ್ತೇ ಮರ ಸೀಳುತ್ತಿತ್ತು.

ಮರುದಿನ ಇವರು ಆಫೀಸಿಗೆ ಹೋದ ಮೇಲೆ ಗ್ಯಾರೇಜಿಗೆ ಹೋದೆ. ಇಲ್ಲಿ ಚರ್ಚಿನ ಅಂಗಳದಲ್ಲಿ ಹಳೇ ಸಾಮಾನು ಮಾರುತ್ತಾರೆ. ಅಲ್ಲಿಂದ ಮರದ ಹಿಡಿಯ ಎರಡು ತಿರುಪುಳಿ, ಒಂದು ಅರ್ಧಗೋಲ ಅರ, ಒಂದು ಸಣ್ಣ ಉಳಿ ತಂದಿದ್ದೆ. ಯಾಕೆ ಬೇಕು ಎಂದು ಗೊತ್ತಿಲ್ಲದೆ ತಂದದ್ದಲ್ಲ, ಗೊತ್ತಿದ್ದೇ ತಂದೆ. ತಿರುಪುಳಿಯ ಮೂತಿಯನ್ನು ಸಾಣೆಕಲ್ಲಿಗೆ ಹಿಡಿದು ಒಂದೊಂದು ತಿರುಪಿನ ಸೀಳಿಗೆ ತಕ್ಕಂತೆ ತೆಳ್ಳಗೆ ಮಾಡಿದೆ. ಹರಿದ ಎರಡು ತಲೆಗಳನ್ನು ಅರದಿಂದ ಸಮಮಾಡಿದೆ. ಇಕ್ಕಳದ ಬಾಯಿಗೆ ಇವರ ಹಳೇ ಬೆಲ್ಟು ಕತ್ತರಿಸಿ ತೊಗಲು ಕಟ್ಟಿದೆ. ದೇವರ ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ತೆಗೆದು, ಕೀಲಿಗೆ ಬಳಿದು, ಮರದೊಳಗೆ ಒತ್ತಿ ತೆಗೆದೆ. ಕಪ್ಪು ಅಂಟಿದಲ್ಲಿ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆದೆ. ನಾಲ್ಕು ದಿನ ಹಿಡಿಯಿತು. ಕೊನೆಗೆ ಕೀಲು ಹಿಟ್ಟಿನೊಳಗೆ ಬೆರಳು ಇಳಿದ ಹಾಗೆ ಇಳಿಯಿತು. ಎಣ್ಣೆ ಹಚ್ಚಲು ಕೋಳಿಪುಕ್ಕ ಎಲ್ಲಿ ತರಲಿ? ಕೆರೆಯ ಹತ್ತಿರ ಹೆಬ್ಬಾತುಗಳು ಬೀಳಿಸಿದ ಪುಕ್ಕ ಆರಿಸಿ ತಂದೆ. ಅಪ್ಪಾ, ಅದು ಕೋಳಿಯದಕ್ಕಿಂತ ಒಳ್ಳೆಯದು.

ಇವರಿಗೆ ತಿಳಿಯಿತು. ತಿಳಿಯದೆ ಇರುತ್ತದೆಯೇ? ಸಂಜೆ ಗ್ಯಾರೇಜಿಗೆ ಹೋಗಿ ಒಂದು ಗಂಟೆ ಕೂತು ಬಂದರು. ಮರುದಿನ ಬೆಳಿಗ್ಗೆ, ಮಾಡಬೇಕಾದ ಮುಂದಿನ ಭಾಗವನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟು ಆಫೀಸಿಗೆ ಹೋಗಿದ್ದರು. ಹೀಗೆ ಒಂದೂವರೆ ತಿಂಗಳು. ಹಗಲು ನಾನು ಮಾಡಿಡುವುದು, ಸಂಜೆ ಅವರು ನೋಡಿ ಬರುವುದು. ನಗಬೇಡಿ, ನಮ್ಮ ಸಂಸಾರದಲ್ಲಿ ನಾನು ಸುಖವಾಗಿದ್ದ ದಿನಗಳು ಅವು. ಒಂದು ದಿನ ಊಟಕ್ಕೆ ಕೂತವರು ನನ್ನ ಬೆರಳುಗಳ ಕಪ್ಪು ನೋಡಿ, ಎದ್ದು ಹೋಗಿ ಸೋಪು ತಂದು ತಟ್ಟೆಯ ಪಕ್ಕ ಇಟ್ಟರು. ಅಷ್ಟೇ. ಅದನ್ನೇ ನಾನು ದೊಡ್ಡದು ಎಂದುಕೊಂಡೆ.

ಜೂನ್ ಕೊನೆಯ ಶನಿವಾರ ಇವರು ನಾಲ್ಕು ಜನರನ್ನು ಊಟಕ್ಕೆ ಕರೆದರು. ಬದರೀನಾಥ ಎಂಬವರು, ಅವರ ಹೆಂಡತಿ ನಿರುಪಮಾ, ಇಬ್ಬರೂ ಮೈಸೂರಿನವರು. ಅವರ ಜೊತೆ ಇವರ ಮೇಲಿನ ಸಾಹೇಬರು ಮತ್ತು ವಾಲ್ಟರ್ ಎಂಬ ಮುದುಕರು. ವಾಲ್ಟರ್ ಇವರ ಕಂಪನಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹತಾರ ಮಾಡಿ ನಿವೃತ್ತರಾದವರು, ಹಳೇ ಬಂದೂಕುಗಳನ್ನು ತಾವೇ ರಿಪೇರಿ ಮಾಡುವವರು. ಅವರು ರೈಫಲ್ಲನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ತಿರುಪುಗಳನ್ನು ಒಂದೊಂದಾಗಿ ಉಗುರಿನಿಂದ ಮುಟ್ಟಿದರು. ಎಲ್ಲ ತಿರುಪಿನ ಸೀಳೂ ನಳಿಗೆಯ ದಿಕ್ಕಿಗೇ ನಿಂತಿದ್ದವು, ನೀವು ಕಲಿಸಿದ ಹಾಗೆ. ಇಂಥ ಕೈಯನ್ನು ತಾನು ಇಪ್ಪತ್ತು ವರ್ಷದಿಂದ ನೋಡಿಲ್ಲ, ಯಾರ ಹತ್ತಿರ ಕಲಿತೆ ಎಂದು ಇವರನ್ನು ಕೇಳಿದರು. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ.

ನಾನು ಬೋಂಡದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇವರು ನನ್ನ ಕಡೆ ನೋಡಿದರು. ಒಂದು ಕ್ಷಣ, ಹೇಳುತ್ತಾರೆ ಎಂದೇ ಅಂದುಕೊಂಡೆ. ಪುಸ್ತಕ ನೋಡಿ ಕಲಿತೆ ಅಂದರು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ನಿರುಪಮಾ ಅವರು ತಮಾಷೆಗೆ, "ಮೋಹನ್, ನಿಮ್ಮ ಮಿಸೆಸ್‌ಗೂ ಸ್ವಲ್ಪ ಟ್ರೇನಿಂಗ್ ಕೊಡಿ. ನಮ್ಮನೆಯವರು ಒಂದು ಮೊಳೆ ಹೊಡೆಯೋಕೂ ಕಾರ್ಪೆಂಟರ್‌ನ ಕರೀತಾರೆ, ಇವರನ್ನೇ ಕರ್ಕೊಂಡ್ ಹೋಗ್ತೀನಿ" ಎಂದರು.

"ಇವಳನ್ನಾ? ಇವಳು ನಾಲ್ಕನೇ ಕ್ಲಾಸು. ಬಲ್ಬ್ ಬದಲಾಯಿಸೋಕೂ ನನ್ನೇ ಕರೀತಾಳೆ" ಎಂದರು ಇವರು.

ಎಲ್ಲರೂ ನಕ್ಕರು. ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅವರೂ ನಕ್ಕರು. ವಾಲ್ಟರ್ ಮಾತ್ರ ನಗಲಿಲ್ಲ, ತಟ್ಟೆ ಹಿಡಿದ ನನ್ನ ಕೈ ನೋಡುತ್ತಿದ್ದರು. ನಾನು ಸೆರಗಿನಲ್ಲಿ ಬೆರಳು ಮುಚ್ಚಿಕೊಂಡೆ. ಅದನ್ನೂ ನೀವೇ ಕಲಿಸಿದ್ದು.

ಹೋಗುವಾಗ ವಾಲ್ಟರ್, ಎಲ್ಲ ಚೆನ್ನಾಗಿದೆ, ಕುದುರೆ ಬೀಳಿಸಲು ಬೆರಳಿನಿಂದ ಬಿಲ್ಲು ಎಳೆಯುವುದೊಂದು ಸ್ವಲ್ಪ ಬಿಗಿ ಎಂದಿದ್ದರು. ನಾನು ಬೇಕೆಂದೇ ಬಿಗಿ ಇಟ್ಟಿದ್ದೆ, ಹೊಸಬರ ಕೈಗೆ ಹಾಗೆಯೇ ಇರಬೇಕು. ಮರುದಿನ ಭಾನುವಾರ ಇವರು ಬಿಲ್ಲು ಸಡಿಲಿಸಲೆಂದು ಆ ಹೊಳೆಯುವ ಅರಗಳ ಪೆಟ್ಟಿಗೆ ತೆಗೆದುಕೊಂಡು ಗ್ಯಾರೇಜಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಅಷ್ಟು ಹೊಗಳಿಸಿಕೊಂಡ ಬಂದೂಕಿನಲ್ಲಿ ಒಂದಾದರೂ ತಮ್ಮ ಕೈಯಿಂದ ಆಗಲಿ ಅನ್ನಿಸಿರಬೇಕು. ಅದು ನನಗೆ ಅರ್ಥವಾಗುತ್ತದೆ.

ಜುಲೈ ನಾಲ್ಕರಂದು ಗುಂಡು ಹಾಕಿರಲಿಲ್ಲ, ಬರೀ ಮದ್ದು. ಬಾವುಟ ಏರಿಸಿದಾಗ ಎಲ್ಲರೂ ಒಟ್ಟಿಗೆ ಹಾರಿಸಬೇಕಿತ್ತು. ಇವರು ಮದ್ದು ತುಂಬಿ, ಕೇಪು ಹಾಕಿ, ತಾನಾಗಿ ಹಾರದಿರಲೆಂದು ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ಚಿತ್ರದಲ್ಲಿರುವ ಸಿಪಾಯಿಯ ಹಾಗೆ ಬಂದೂಕಿನ ಬಾಯಿಯ ಮೇಲೆ ಎಡಗೈ ಇಟ್ಟುಕೊಂಡು ಮಾತಾಡುತ್ತ ನಿಂತಿದ್ದರು. ನಾನು ನಿರುಪಮಾ ಅವರ ಜೊತೆ ರಸ್ತೆಯ ಈಚೆ ಇದ್ದೆ. ಹಿಡಿ ಒಮ್ಮೆ ನೆಲಕ್ಕೆ ಕುಕ್ಕಿತು, ಕುದುರೆ ಬಿತ್ತು, ಮದ್ದು ಹಾರಿತು. ಎರಡು ಬೆರಳಿನ ತುದಿ ಹೋಯಿತು, ಅಂಗೈ ಸುಟ್ಟಿತು.

ಆಸ್ಪತ್ರೆಯಲ್ಲಿ ಬದರೀನಾಥ ಅವರಿಗೆ ಇವರು ಹೇಳಿದ್ದನ್ನು ನಾನು ಪರದೆಯ ಈಚೆಯಿಂದ ಕೇಳಿದೆ. ಹೆಂಡತಿ ತಿಳಿಯದೆ ಬಂದೂಕನ್ನು ಬಿಚ್ಚಿ ಜೋಡಿಸಿದ್ದಳಂತೆ. ಊರಿಗೂ ಅದನ್ನೇ ಬರೆದರು. ಹೊಗಳಿಕೆ ಬಂದಾಗ ಬಂದೂಕು ಅವರದಾಗಿತ್ತು, ಬೆರಳು ಹೋದ ಮೇಲೆ ನನ್ನದಾಯಿತು.

ಮನೆಗೆ ಬಂದು ಕೀಲು ಬಿಚ್ಚಿ ನೋಡಿದೆ. ಕುದುರೆ ಅರ್ಧದಲ್ಲಿ ನಿಲ್ಲುವ ಕಚ್ಚಿನ ತುಟಿ ಸವೆದು ಮೊಂಡಾಗಿತ್ತು. ಹೊಸ ಅರದ ಗೆರೆಗಳು, ಅಡ್ಡಾದಿಡ್ಡಿ. ನನ್ನ ಅರದ ಗೆರೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಆ ಭಾಗವನ್ನು ಬಟ್ಟೆಯಲ್ಲಿ ಹೊಲಿದು ಬೇರೆ ಟಪಾಲಿನಲ್ಲಿ ಕಳಿಸಿದ್ದೇನೆ. ಬೆಳಕಿಗೆ ಹಿಡಿದು, ಕಾಣದಿದ್ದರೆ ಉಗುರು ಆಡಿಸಿ ನೋಡಿ. ಬೀಗರಿಗೂ ಗಿರಾಕಿಗಳಿಗೂ ತೋರಿಸಿ. ನನ್ನ ಕೆಲಸ ಕೆಡಲಿಲ್ಲ. ನಿಮ್ಮ ಅಂಗಡಿಯ ಹೆಸರು ಕೆಡಲಿಲ್ಲ.

ಈಗ ದಿನಾ ಇವರ ಕೈಯ ಪಟ್ಟಿ ನಾನೇ ಬಿಚ್ಚಿ ಕಟ್ಟುತ್ತೇನೆ. ನನ್ನ ಮುಖ ನೋಡುವುದಿಲ್ಲ. ನಿನ್ನೆ ಮಾತ್ರ ನರ್ಸಿಗಿಂತ ನೀ ಕಟ್ಟಿದ್ದ ಚಲೋ ಐತಿ ಎಂದರು. ನಾನು ಗಂಟು ಬಿಗಿದು ಎದ್ದೆ.

ಇಂತಿ, ನೀವು ಅಡುಗೆಮನೆಯವಳೆಂದು ಕೊಟ್ಟ ಮಗಳು,
ಕಾಳವ್ವ

ತಾ.ಕ.: ಮೇಲಿನದನ್ನೆಲ್ಲ ಬರೆದು ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಕೀಲನ್ನು ಬಿಚ್ಚಿ ನೋಡಿದ್ದು ಆಸ್ಪತ್ರೆಯಿಂದ ಬಂದ ಮೇಲಲ್ಲ ಅಪ್ಪಾ. ಮೆರವಣಿಗೆಗೆ ನಾಲ್ಕು ದಿನ ಮೊದಲು, ಬುಧವಾರ ಮಧ್ಯಾಹ್ನ. ಕಚ್ಚು ಸವೆದದ್ದು ಕಂಡಿತು. ಅರ ನನ್ನ ಕೈಯಲ್ಲೇ ಇತ್ತು, ಸರಿಮಾಡಲು ಒಂದು ಗಂಟೆ ಸಾಕಿತ್ತು. ಹೇಳಲು ಅಷ್ಟೂ ಬೇಡವಾಗಿತ್ತು. ನಾಲ್ಕನೇ ಕ್ಲಾಸಿನವಳಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದುಕೊಂಡು ತಿರುಪು ಬಿಗಿದು, ಒರೆಸಿ, ಇದ್ದಲ್ಲೇ ಇಟ್ಟು ಬಂದೆ. ಬೀಗರಿಗೆ ಮೊದಲಿನ ಹಾಳೆಗಳೇ ಸಾಕು. ಈ ಹಾಳೆಯನ್ನು ತೋರಿಸುವುದೋ ಮುಚ್ಚಿಡುವುದೋ ನಿಮಗೆ ಬಿಟ್ಟದ್ದು, ಮುಚ್ಚಿಡಲು ನಿಮಗೆ ಬರುತ್ತದೆ.