ನೂರಿಪ್ಪತ್ತು ದಿನದ ಗ್ರಾಫ್

ಹೊಸನಗರ
14 ಡಿಸೆಂಬರ್ 2025

ಪ್ರೀತಿಯ ವಿನಯಾ,

ಎರಡು ತಿಂಗಳು ನಿನ್ನ ಫೋನೂ ಎತ್ತದೆ ಕೂತಿದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಓದು. ತೀರ್ಥಹಳ್ಳಿಯಲ್ಲಿ ಎಲ್ಲರೂ ಸುಖ ತಾನೆ? ಫೋನಿನಲ್ಲಾದರೆ ನಡುವೆ ನೀನೇ ಮಾತಾಡುತ್ತೀಯ, ಅದಕ್ಕೇ ಕಾಗದ.

ಪಿಎಚ್.ಡಿ. ಸೀಟು ಸಿಕ್ಕಿತು ಕಣೆ! ಪಾಲಿಮರ್ ಕಾಂಪೋಸಿಟ್ ವಿಭಾಗ, ಫೆಲೋಶಿಪ್ ಸಮೇತ. ನೀನು ಜಾಹೀರಾತು ಕಳಿಸಿ, "ಮೂವತ್ತಾರಾದ್ರೆ ಎಂತ ಆಯ್ತೆ, ಅರ್ಜಿ ಹಾಕು" ಎಂದು ಪೀಡಿಸದಿದ್ದರೆ ಸಾಗರದ ಕಾಲೇಜಿನ ಲ್ಯಾಬಿನಲ್ಲಿ ಬ್ಯೂರೆಟ್ ತೊಳೆಯುತ್ತಲೇ ಮುದುಕಿಯಾಗುತ್ತಿದ್ದೆ. ಗೌತಮ್ ಅಂತೂ ಮಾಸ್ತಿಕಟ್ಟೆಯ ತನ್ನ ಆಫೀಸಿಗೆಲ್ಲ ಹೆಂಡತಿಯ ಸುದ್ದಿ ಡಂಗುರ ಸಾರಿದ್ದಾನೆ.

ಆದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದರಲ್ಲಿತ್ತು. ಅಡಿಕೆ ಸಿಪ್ಪೆಯ ನಾರನ್ನು ಮಣ್ಣಲ್ಲಿ ಕರಗುವ ಪಾಲಿಮರಿನೊಂದಿಗೆ ಒತ್ತಿ, ಇಪ್ಪತ್ತನಾಲ್ಕು ತುಂಡು ಮಾಡಿ, ತೂಕ ಬರೆದಿಟ್ಟು, ಜೂನ್ ಏಳರಂದು ಅಮ್ಮನ ಗದ್ದೆಯಂಚಿನಲ್ಲಿ ಹೂತಿದ್ದೆನಲ್ಲ? ನೂರೆಂಬತ್ತು ದಿನ ಬಿಟ್ಟು ತೆಗೆದು, ಎಷ್ಟು ಕರಗಿದೆ ಎಂದು ಸಂದರ್ಶನದಲ್ಲಿ ತೋರಿಸಬೇಕಿತ್ತು.

ಭೂಮಿ ಹುಣ್ಣಿಮೆಯ ಹಿಂದಿನ ದಿನ ಊರಿಗೆ ಬಂದರೆ, ಅಂಗಳದಲ್ಲಿ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಪಕ್ಕ ಮೊರದ ತುಂಬ ನನ್ನ ತುಂಡುಗಳು, ತೊಳೆದು ಒಣಹಾಕಿವೆ! "ಬಸುರಿ ಹೊಟ್ಟೇಲಿ ಪ್ಲಾಸ್ಟಿಕ್ ಇಡ್ತಾರೇನೆ? ನಾಳೆ ಭೂಮ್ತಾಯಿಗೆ ಸೀಮಂತ. ಎಲ್ಲಾ ತೆಗ್ದೆ" ಎಂದಳು ಅಮ್ಮ, ಮನೆ ಗುಡಿಸಿದಷ್ಟೇ ಸಲೀಸಾಗಿ. ಎರಡು ವರ್ಷದ ಕೆಲಸ ಹಾಳು ಮಾಡಿದೆ ಎಂದು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವಳು ಬುಟ್ಟಿಗೆ ಚಿತ್ತಾರ ಬರೆಯುತ್ತ ಕುಳಿತಳು. ನಿನಗೆ ಮುಖ ತೋರಿಸಲು ನಾಚಿಕೆಯಾಗಿದ್ದು ಇದಕ್ಕೇ.

ನಮ್ಮ ಲ್ಯಾಬಿನ ಸುನಿಲ್, "ಆರು ತಿಂಗ್ಳು ಅಂತ್ಲೇ ಬರೀರಿ ಮೇಡಂ, ಮಣ್ಣೇನು ಸಾಕ್ಷಿ ಹೇಳಕ್ಕೆ ಬರ್ತದಾ?" ಎಂದ. ಬರೆದೂ ಬರೆದೆ. ಮರುದಿನ ಹರಿದು ಹಾಕಿದೆ.

ಸಂದರ್ಶನದಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಮೂವರು ಪ್ರೊಫೆಸರುಗಳೂ ಬಿದ್ದು ಬಿದ್ದು ನಕ್ಕರು. ಹಿರಿಯ ಮೇಡಂ ಕಣ್ಣೊರೆಸಿಕೊಂಡು, "ತೊಳೆದಿದ್ದು ಯಾವುದ್ರಲ್ಲಿ?" ಎಂದರು.

"ಬರೀ ಬಾವಿ ನೀರು ಮೇಡಂ. ಸೀಗೆಪುಡಿ ಹಾಕಿದ್ಯಾ ಅಂತಾನೂ ಅಮ್ಮನ್ನ ಕೇಳಿದೀನಿ."

"ಹಾಗಾದ್ರೆ ನೂರಿಪ್ಪತ್ತು ದಿನದ ಗ್ರಾಫ್ ಅಂತ ಬರೀರಿ. ಮುಂದಿನ ಸಲ ಹೂಳೋ ಮುಂಚೆ ಅಮ್ಮನ್ನ ಕೇಳಿ."

ಜನವರಿಯಲ್ಲಿ ಸೇರುತ್ತೇನೆ. ಗಾನವಿಯ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ನಿನ್ನ ಮಗಳು ನಿನ್ನ ಹಾಗೇ ಹಟಮಾರಿಯಾಗಿ, ನೂರು ಕಾಲ ಚೆನ್ನಾಗಿರಲಿ.

ನಿನ್ನ
ಕುಮುದಾ

ತಾ.ಕ.: ಸೀಟಿನ ಸುದ್ದಿ ಕೇಳಿ ಅಮ್ಮ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಆಮೇಲೆ, ಏಳು ತಿಂಗಳಿಗೇ ಹೊಟ್ಟೆಯಲ್ಲಿ ಹೋದ ನನ್ನ ಮಗುವಿನ ಮಾತನ್ನು ಮೂರು ವರ್ಷದಲ್ಲಿ ಮೊದಲ ಸಲ ಎತ್ತಿದಳು. "ನಿನ್ನ ಸೀಮಂತದ ದಿನ ಹೊಟ್ಟೆ ಹಿಡ್ಕಳ್ತದೆ ಅಂದ್ಯಲ್ಲ, ಹೋಳಿಗೆ ಜಾಸ್ತಿ ಆತು ಅಂತ ಮಲಗಿಸ್ಬಿಟ್ಟೆ ಕಣೆ. ಆಸ್ಪತ್ರೆಗೆ ಕರ್ಕಂಡು ಹೋಗ್ಲಿಲ್ಲ. ಅದ್ಕೇ ಭೂಮ್ತಾಯಿ ಹೊಟ್ಟೆನಾದ್ರೂ ಕಾಯಣ ಅಂತ ತೆಗ್ದೆ." ವಿನಯಾ, ಅವತ್ತು ನಾನೂ ಹೋಳಿಗೆಯದೇ ತಪ್ಪು ಅಂದುಕೊಂಡಿದ್ದೆ. ಈ ಕಾಗದ ಅಂಚೆ ಡಬ್ಬಿಗೆ ಹಾಕಿ ಬಂದು, ಅವಳಿಗೆ ಅದನ್ನು ಹೇಳುತ್ತೇನೆ.