ತಿರಾಸಿಯಾದ ಅನೆಝೀನಾ ಕೇಳಿದ್ದು

ಅಪ್ಪಾ,

ನಿನ್ನೆ ನಿನ್ನ ತಿರಾಸಿಯಾ ದ್ವೀಪಕ್ಕೆ ಹೋಗಿದ್ದೆ. ನೀನಿದ್ದಾಗ ಎಷ್ಟು ಕರೆದರೂ ಬಾರದವಳು, ನೀನು ತೀರಿಕೊಂಡ ಎರಡು ವರ್ಷಕ್ಕೆ ಹೋದೆ.

ಜ್ವಾಲಾಮುಖಿಯ ಬೂದಿಬಂಡೆಯಲ್ಲಿ ಕೊರೆದ, ನೀನು ಹುಟ್ಟಿದ ಮನೆಯೆದುರು ನಿಂತಿದ್ದೆ. ಪಕ್ಕದ ಮನೆಯ ಅನೆಝೀನಾ ಎಂಬ ಮುದುಕಿ ಬಂದು ಯಾರೆಂದು ಕೇಳಿದಳು. ನಿನ್ನ ಹೆಸರು ಹೇಳಿದೆ.

"ಅಯ್ಯೋ, ನಮ್ಮ ಮಾರ್ಕೋಸನ ಮಗಳಾ! ಐವತ್ತಾರನೇ ಇಸವಿ ಭೂಕಂಪದಲ್ಲಿ ನನಗೆ ಆರು ವರ್ಷ ಕಣೇ. ಮಣ್ಣಿನಡಿ ಕಿರುಚ್ತಿದ್ದೆ. ಅವನು ಬರಿಗೈಲಿ ತೋಡಿ ನನ್ನನ್ನ ಎಳೆದ. ಆಮೇಲೆ ಅದೇ ಮಣ್ಣಿನಡಿ ಸಿಕ್ಕಿದ್ದ ಅವರಮ್ಮನ ಹತ್ರ ಓಡಿದ. ಅಷ್ಟರಲ್ಲಿ ಅವಳು ಹೋಗಿಬಿಟ್ಟಿದ್ಲು. ನಿನಗೆ ಹೇಳಿಲ್ವಾ?"

ನೀನು ಹೇಳಿರಲಿಲ್ಲ. ಪಿರೇಯಸ್ ಬಂದರಿನ ನಿನ್ನ ಮನೆಯ ಅಡುಗೆಮನೆಯಲ್ಲಿ ನಾನು, "ಹೆತ್ತ ತಾಯಿಯನ್ನೇ ಉಳಿಸಿಕೊಳ್ಳದವನು ನನಗೆ ಬುದ್ಧಿ ಹೇಳ್ತೀಯಾ?" ಎಂದು ಕೂಗಿದ ದಿನವೂ ಹೇಳಲಿಲ್ಲ. ನೀನು ತಟ್ಟೆ ಸರಿಸಿ ಎದ್ದುಹೋದೆ. ಅಲ್ಲಿಂದ ಒಂಬತ್ತು ವರ್ಷ, ನೀನು ತೀರಿಕೊಳ್ಳುವವರೆಗೂ, ನಾನು ನಿನ್ನ ಹೊಸ್ತಿಲು ತುಳಿಯಲಿಲ್ಲ.

ಅನೆಝೀನಾ ತನ್ನ ಹೊಲದ ಹಳದಿ ಬೇಳೆಯನ್ನು ಚೀಲಕ್ಕೆ ತುಂಬಿ ಕೈಗಿಟ್ಟಳು. "ಅವನಿಗೆ ಕೊಡು. ಈರುಳ್ಳಿ ಜಾಸ್ತಿ ಹಾಕಿ ಬೇಯಿಸು, ಹಾಗಿದ್ರೇನೇ ಅವನಿಗಿಷ್ಟ. ಹುಷಾರಾಗಿದ್ದಾನೆ ತಾನೇ? ಈಗ ಯಾರು ನೋಡ್ಕೋತಾರೆ?"

"ನಾನೇ," ಎಂದುಬಿಟ್ಟೆ.

"ಪುಣ್ಯವಂತ," ಎಂದು ಅವಳು ನನ್ನ ತಲೆ ಸವರಿದಳು.