ರಕ್ಷಣೆ ಹೊಂದಿದ ತಾರೀಕು

ದೊಡ್ಡಬೆಳವಂಗಲ ಕ್ರೈಸ್ತ ಸಭೆಯೆಂಬ ಮಂದೆಯ ಕುರುಬರೂ, ಒಂದೂವರೆ ಗಂಟೆಯ ಪ್ರಸಂಗಗಳ ಚಕ್ರವರ್ತಿಗಳೂ, ಹಾರ್ಮೋನಿಯಂ ಪೆಟ್ಟಿಗೆಯ ಬೀಗದ ಕೈಗೆ ಏಕೈಕ ಒಡೆಯರೂ ಆದ ಯೇಸುರತ್ನಂ ಅಯ್ಯನವರ ಸನ್ನಿಧಾನಕ್ಕೆ,

ಮಂಗಳವಾರದ ಮನೆಪ್ರಾರ್ಥನೆಯಲ್ಲಿ ಯೇಸು ನನ್ನನ್ನು ಬದಲಿಸಿದ ಕಥೆ ಹೇಳಿ ನಾನು ಕೊಟ್ಟ ಸಾಕ್ಷಿಯನ್ನು ತಾವು ಮೆಚ್ಚಿ, ಭಾನುವಾರ ಇಡೀ ಸಭೆಯ ಮುಂದೆ ಹೇಳಬೇಕೆಂದು ಅಪ್ಪಣೆ ಕೊಡಿಸಿದ್ದೀರಿ. 'ಪಾಪದ ಕೆಸರಿನಲ್ಲಿ ಹೊರಳುತ್ತಿದ್ದೆ, ಮಾರ್ಚ್ ಹನ್ನೆರಡರಂದು ರಕ್ಷಣೆ ಹೊಂದಿದೆ' ಎಂದೆನಲ್ಲ, ಅದು ಪ್ರತಿ ವಾರ ಎಲ್ಲರೂ ಹೇಳುವ ಮಾತುಗಳನ್ನು ಜೋಡಿಸಿದ್ದು. ತಾರೀಕನ್ನು ಕ್ಯಾಲೆಂಡರ್ ನೋಡಿ ಆರಿಸಿಕೊಂಡೆ.

ನಮ್ಮಜ್ಜಿ ಪೂರ್ತಿ ನಂಬಿಬಿಟ್ಟಳು. "ಯಾವ್ ಕೆಸ್ರೋ ಅದು? ಕುಡೀತಿದ್ಯೇನ್ಲಾ?" ಎಂದು ಅವತ್ತಿನಿಂದ ನನ್ನ ಬಾಯಿ ಮೂಸುತ್ತಿದ್ದಾಳೆ.

"ಇಲ್ಲಜ್ಜಿ, ಸಾಕ್ಷಿ ಅಂದ್ಮೇಲೆ ಹಂಗೇ ಅನ್ಬೇಕು," ಎಂದೆ.

"ಮತ್ತೆ ಯಾವುದ್ರಿಂದ ರಕ್ಷಣೆ ಆಯ್ತು, ಹೇಳ್ಲಾ ನೋಡಣ!"

ಪೆನ್ನು ಹುಡುಕಿಕೊಂಡು ಈ ಕಾಗದ ಬರೆಯಲು ಕೂತೆ.

ಆದ್ದರಿಂದ ಬಿನ್ನಹವೇನೆಂದರೆ: ರಕ್ಷಣೆ ಎಂದರೆ ನಿಜವಾಗಿ ಏನು? ಮೂರು ತಿಂಗಳ ಕೂಸಾಗಿದ್ದಾಗಲೇ ದೀಕ್ಷಾಸ್ನಾನವಾಗಿ, ಚರ್ಚಿನ ಬೆಂಚಿನ ಮೇಲೆ ಮಲಗಿ ಬೆಳೆದ ನನ್ನಂಥವನಿಗೆ ಅದಕ್ಕೊಂದು ತಾರೀಕು ಇರಲೇಬೇಕೇ? ಶನಿವಾರದೊಳಗೆ ಸುತ್ತಿ ಬಳಸದೆ ತಿಳಿಸಿ. ಅರ್ಥವಾಗದಿದ್ದರೆ ಭಾನುವಾರ ಬೆಂಚು ಒರೆಸುತ್ತೇನೆ, ಗಂಟೆ ಹೊಡೆಯುತ್ತೇನೆ, ಸಾಕ್ಷಿಗೆ ಮಾತ್ರ ಬಾಯಿ ತೆರೆಯಲಾರೆ.

ಇಂತಿ ತಮ್ಮ ತಂಟೆಕೋರ,
ಜೋಯಲ್ ಕಿರಣ

ವಿ.ಸೂ.: ನಿನ್ನೆ ಸಂಜೆ ಒಬ್ಬನೇ ಮೊಣಕಾಲೂರಿದೆ. ದೊಡ್ಡ ಮಾತು ಒಂದೂ ಬರಲಿಲ್ಲ. "ಯೇಸಪ್ಪಾ, ಅಜ್ಜೀನ ಹೆದರಿಸ್ಬಿಟ್ಟೆ, ತಪ್ಪಾಯ್ತು," ಅಂದೆ ಅಷ್ಟೆ. ಎದ್ದಾಗ ಹಗುರಾಗಿತ್ತು. ಇದನ್ನು ಮಾತ್ರ ಯಾರಿಗೂ ಹೇಳಬೇಡಿ, ಹುಡುಗರು ನಗುತ್ತಾರೆ.